ಕುಂಕುಮ ಹತ್ತಿದ ಗುಂಡಿಗಳು

ಇದನ್ನು ನನಗೆ ಮೊದಲು ಹೇಳಿದವಳು ನಮ್ಮ ಕಾಲೇಜು ಲೈಬ್ರರಿಯ ಅಟೆಂಡರ್ ನಿಂಗವ್ವ.

ಗದಗಿನಲ್ಲಿ ಶಾಮಿಯಾನ ಹಾಕುವವನೊಬ್ಬ ಮದುವೆಗಳಿಗೆ ಡಿಜೆ ಆಗಬೇಕೆಂದು, ಹಾಡಿಗೆ ಹಾಡು ಬೆರೆಸುವ ತನ್ನ ಮೊದಲ ಮಿಕ್ಸರ್ ಕೊಳ್ಳಲು ಹೋದ. ಕೈಯಲ್ಲಿದ್ದ ದುಡ್ಡು ಸಣ್ಣದಕ್ಕೆ ಸಾಕಿತ್ತು. ದೊಡ್ಡದು ಬೇಕೆಂದರೆ ಹೆಂಡತಿಯ ಹೊಲಿಗೆ ಮಷಿನ್ ಮಾರಬೇಕಿತ್ತು. ಅಂಗಡಿಯ ವಿರೂಪಾಕ್ಷಪ್ಪ ಸಣ್ಣದನ್ನು ತೋರಿಸಲೂ ಒಪ್ಪಲಿಲ್ಲ.

“ಅದು ಹುಡುಗರ ಆಟದ ಸಾಮಾನ. ನಾ ಇಪ್ಪತ್ತು ವರ್ಷ ಬಾರಿಸೇನಿ. ಈ ದೊಡ್ಡದರಾಗ ನಲವತ್ತು ಗುಂಡಿ ಅದಾವ. ಖರೇ ಡಿಜೆಗೆ ನಲವತ್ತೂ ಬೇಕ.”

“ಹಂಗಾರ ಒಮ್ಮೆ ಬಾರಿಸಿ ತೋರಸ್ರಿ, ಸಾವಕಾರ್ರ. ಹೊಸಾ ಮಷಿನ್, ಬೆರಳಿಗೆ ಹಸಿ ಕುಂಕುಮ ಹಚ್ಚಿಕೊಂಡು ಮುಟ್ರಿ. ನಮ್ಮ ಮನ್ಯಾಗ ಹಂಗ ಪದ್ಧತಿ.”

ಪೂಜೆಯ ಮಾತು ಬಂತೆಂದರೆ ವ್ಯಾಪಾರ ಕುದುರಿತೆಂದೇ ಅರ್ಥ. ವಿರೂಪಾಕ್ಷಪ್ಪ ಅಂಗಡಿಯ ದೇವರ ಮುಂದಿನ ಕುಂಕುಮ ಕಲಸಿ ಹತ್ತೂ ಬೆರಳಿಗೆ ಹಚ್ಚಿಕೊಂಡು, ಹಾಡಿಗೆ ಹಾಡು ಕೂಡಿಸುತ್ತ, ತಲೆದೂಗುತ್ತ ಅರ್ಧ ತಾಸು ಬಾರಿಸಿದರು. ಬೀದಿಯಲ್ಲಿ ಹೋಗುವವರೂ ನಿಂತು ಕೇಳಿದರು.

ಹಾಡು ನಿಂತ ಮೇಲೆ ಶಾಮಿಯಾನದವನು ಬಗ್ಗಿ ನೋಡಿದ. ಕುಂಕುಮ ಹತ್ತಿದ್ದು ಆರೇ ಗುಂಡಿಗೆ.

“ಇಪ್ಪತ್ತು ವರ್ಷದ ಕೈಗೆ ಆರು ಸಾಕಾದುವು. ನಾ ಇನ್ನೂ ಕಲಿಯಾವ. ಈ ಆರು ಇರೋ ಸಣ್ಣದ ಕೊಡ್ರಿ.”

ವಿರೂಪಾಕ್ಷಪ್ಪ ಮೊದಲು ಗುಂಡಿಗಳನ್ನು ನೋಡಿದರು, ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಬಾಗಿಲಲ್ಲಿ ನಿಂತ ಜನ ನಗು ತಡೆದುಕೊಂಡಿದ್ದರು. ಮೇಲಿನ ಹಲಗೆಯಿಂದ ಸಣ್ಣ ಮಿಕ್ಸರ್ ಕೆಳಗಿಳಿಯಿತು.

“ಮತ್ತ ಈ ದೊಡ್ಡದರ ಕುಂಕುಮ ಯಾರು ಒರಸೋರು?”

“ಒರಸಬ್ಯಾಡ್ರಿ. ಕೆಲಸದ ಗುಂಡಿ ಯಾವು ಅಂತ ಮುಂದಿನ ಗಿರಾಕಿ ಕೇಳೋದು ತಪ್ಪತೈತಿ.”

ಮೊದಲ ಮಿಕ್ಸರ್ ನೋಡಲು ಹೊರಟವರು ಯಾರಾದರೂ ಸಿಕ್ಕರೆ, ಅವರು ಅಂಗಡಿ ಮುಟ್ಟುವ ಮೊದಲೇ ಇದನ್ನು ಅವರ ಕಿವಿಗೆ ಹಾಕಿಬಿಡಿ.