ಹತ್ತೊಂಬತ್ತನೆಯ ದಿನದ ಪ್ರಾಣಿ

ತಿಂಗಳಿಡೀ ದಿನಕ್ಕೊಂದರಂತೆ, ಯಾರೂ ಎಂದೂ ಕಂಡಿರದ ಪ್ರಾಣಿಗಳ ಚಿತ್ರ ಬರೆಯುತ್ತೇನೆಂದು ಇಂದುಮತಿ ಪಣ ತೊಟ್ಟಿದ್ದಳು. ಹತ್ತೊಂಬತ್ತನೆಯ ದಿನ ಅವಳ ಪೆನ್ಸಿಲ್ಲಿನಿಂದ ಗೂಬೆಯ ಮುಖ, ನೀರುನಾಯಿಯ ಮೈಯುಳ್ಳ ಪ್ರಾಣಿಯೊಂದು ಮೂಡಿತು. ಆದರೆ ಅದರ ಮುಂಗಾಲು ಗಿಡ್ಡವಾಗಿ, ಹಿಂಗಾಲು ಉದ್ದವಾಗಿಬಿಟ್ಟವು.

"ಇದು ನಡೆದರೆ ಮುಗ್ಗರಿಸುತ್ತದೆ. ಕುದುರೆಯ ಕಾಲು ನೋಡು, ಜಿಂಕೆಯ ಕಾಲು ನೋಡು. ಇದನ್ನು ಅಳಿಸಿಬಿಡೋಣ" ಎಂದಿತು ರಬ್ಬರು.

ಇಂದುಮತಿಯ ಕೈ ರಬ್ಬರಿನತ್ತ ಚಾಚಿತು.

ಆಗ ಹಾಳೆಯ ಮೇಲಿನ ಪ್ರಾಣಿಯೇ ಬಾಯಿ ಬಿಟ್ಟಿತು: "ಅಮ್ಮಾ, ಅಳಿಸುವ ಮುಂಚೆ ನನ್ನ ಮುಂದೆ ಒಂದು ಗುಡ್ಡ ಬರೆದುಕೊಡು."

ಇಂದುಮತಿ ಗುಡ್ಡ ಬರೆದಳು. ಪ್ರಾಣಿ ಗಿಡ್ಡ ಕಾಲು ಮೇಲಿಟ್ಟು, ಉದ್ದ ಕಾಲು ಕೆಳಗೂರಿ, ಒಮ್ಮೆಯೂ ಎಡವದೆ ತುದಿಯವರೆಗೆ ಹತ್ತಿತು.

ರಬ್ಬರು ಸೋಲೊಪ್ಪಲಿಲ್ಲ. "ಹತ್ತಿದ್ದೇನೋ ಸರಿ. ಇಳಿಯುವುದು ಹೇಗೆ?"

"ಹಿಂದಕ್ಕೆ ಹೆಜ್ಜೆಯಿಡುತ್ತಾ ಇಳಿಯುತ್ತೇನೆ."

"ಹಾಗೆ ಇಳಿಯುವ ಗೂಬೆಮೋರೆಯ ಪ್ರಾಣಿ ಲೋಕದಲ್ಲಿ ಎಲ್ಲಾದರೂ ಉಂಟೇ?"

"ನಿನ್ನೆಯವರೆಗೆ ಇರಲಿಲ್ಲ" ಎಂದಿತು ಪ್ರಾಣಿ.

ಇಂದುಮತಿ ನಕ್ಕು, ರಬ್ಬರನ್ನು ಡಬ್ಬಿಗೆ ಹಾಕಿ, ಚಿತ್ರದ ಕೆಳಗೆ ಆ ದಿನದ ತಾರೀಖು ಬರೆದಳು.