ವರದೆಗೆ ಉಡಿ ತುಂಬಿದ ದಿನ

ಭೂಮಿ ಇನ್ನೂ ಹಸಿಮಣ್ಣಿನ ಹಾಗೆ ಮೆತ್ತಗಿದ್ದ ಕಾಲ. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಇನ್ನೂ ಜಗಳ ಮುಗಿಸಿರಲಿಲ್ಲ. ಹಕ್ಕಿ, ಗಾಳಿ, ನದಿ, ಮನುಷ್ಯ ಎಲ್ಲರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ನದಿಗಳಂತೂ ಆಗ ನೆಟ್ಟಗೆ ಹರಿಯುತ್ತಿದ್ದವು. ಹುಟ್ಟಿದಲ್ಲಿಂದ ಹೊರಟರೆ ಅತ್ತ ಇತ್ತ ನೋಡದೆ ಸೇರಬೇಕಾದಲ್ಲಿಗೆ ಹೋಗಿ ಸೇರುತ್ತಿದ್ದವು.

ಈಗ ನಾವು ಬನವಾಸಿ ಎನ್ನುತ್ತೇವಲ್ಲ, ಆಗ ಅದು ಬರೀ ಒಂದು ದಿಬ್ಬ. ದಿಬ್ಬದ ಮೇಲೆ ಐದೇ ಮನೆ. ಮೊದಲನೆಯದು ದ್ಯಾವಮ್ಮನದು. ದ್ಯಾವಮ್ಮ ಮಡಕೆ ಮಾಡುವವಳು, ಇಟ್ಟಿಗೆ ಸುಡುವವಳು. ಆ ದಿಬ್ಬದ ಮೊಟ್ಟಮೊದಲ ಇಟ್ಟಿಗೆಯನ್ನು ತಟ್ಟಿದವಳು ಅವಳೇ. ಅವಳ ಅಂಗೈ ಗುರುತು ಅದರ ಮೇಲೆ ಹಾಗೇ ಇತ್ತು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. ಎರಡನೆಯ ಸಲ ಬಂದವರಿಗೂ ತೋರಿಸುತ್ತಿದ್ದಳು, ಏಕೆಂದರೆ ಮೊದಲು ತೋರಿಸಿದ್ದು ಅವಳಿಗೆ ನೆನಪಿರುತ್ತಿರಲಿಲ್ಲ.

ಅಷ್ಟು ಮರೆವು ದ್ಯಾವಮ್ಮನಿಗೆ. ಮನೆಯಲ್ಲಿ ನಲವತ್ತು ಮಡಕೆ, ನಲವತ್ತೂ ಒಂದೇ ಥರ. ಯಾವುದರಲ್ಲಿ ಅಕ್ಕಿ ಇಟ್ಟೆ, ಯಾವುದರಲ್ಲಿ ಬೆಲ್ಲ ಇಟ್ಟೆ ಎಂಬುದು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ಉಪ್ಪು ಹುಡುಕಲು ಹೋದರೆ ಮೆಣಸು ಸಿಗುತ್ತಿತ್ತು. ಆ ಹೊತ್ತಿಗೆ ಉಪ್ಪು ಏತಕ್ಕೆ ಬೇಕಿತ್ತು ಎಂಬುದೇ ಮರೆತುಹೋಗುತ್ತಿತ್ತು.

ಆ ವರ್ಷ ದಿಬ್ಬದ ಹೊಂಡ ಬತ್ತಿತು. ನೀರಿಲ್ಲದೆ ಮಣ್ಣು ಕಲಸುವುದು ಹೇಗೆ? ಗದ್ದೆ ನೆಡುವುದು ಹೇಗೆ? ನಾಲ್ಕು ಮನೆಯವರೂ ಗಂಟುಮೂಟೆ ಕಟ್ಟಿದರು.

"ದ್ಯಾವಕ್ಕ, ನಾಳೆ ಹೊರಟುಬಿಡೋಣ," ಎಂದ ಪಕ್ಕದ ಮನೆಯ ಬೊಮ್ಮಣ್ಣ. "ನಮ್ಮನೇಲಿ ಒಂದು ಹನಿ ನೀರಿಲ್ಲ. ನಿನ್ನ ಹತ್ರ ಎಷ್ಟಿದೆ?"

"ಒಂದು ಚೊಂಬು."

"ಅದನ್ನು ದಾರಿಗೆ ಇಟ್ಕೋ."

ದ್ಯಾವಮ್ಮ ತನ್ನ ಅಂಗೈ ಗುರುತಿನ ಇಟ್ಟಿಗೆಯನ್ನು ನೋಡಿದಳು. ಊರು ಹುಟ್ಟುವ ಮೊದಲೇ ಹಾಳುಬೀಳುತ್ತದಲ್ಲ ಎಂದು ಅವಳಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಿಂಚುಳ್ಳಿಯೊಂದು ಹಾರಿಬಂದು ಆವಿಗೆಯ ಮೇಲೆ, ಅಂದರೆ ಮಡಕೆ ಸುಡುವ ಗೂಡಿನ ಮೇಲೆ ಕೂತಿತು.

"ಸುದ್ದಿ ಗೊತ್ತಾ? ಸಾಗರ ಸೀಮೆಯ ಕಾಡಿನಲ್ಲಿ ಹೊಸ ನದಿ ಹುಟ್ಟಿದ್ದಾಳೆ. ವರದೆ ಅಂತ ಹೆಸರು. ಅಕ್ಕ ತುಂಗಭದ್ರೆಯನ್ನು ಸೇರೋಕೆ ಹೊರಟಿದ್ದಾಳೆ. ನಿಮ್ಮ ದಿಬ್ಬದಿಂದ ಅರ್ಧ ದಿನದ ದಾರಿ ದೂರದಲ್ಲಿ ನೆಟ್ಟಗೆ ಹೋಗ್ತಾ ಇದ್ದಾಳೆ!"

"ಹೆಣ್ಣುಮಗಳು ಹೊರಟಿದ್ದಾಳಾ?" ದ್ಯಾವಮ್ಮ ಎದ್ದು ನಿಂತಳು. "ಉಡಿ ತುಂಬಿದ್ರಾ ಯಾರಾದ್ರೂ?"

ನೋಡಿ, ಅವಳ ಸ್ವಭಾವವೇ ಹಾಗೆ. ಊರಿಗೆ ನೀರಿಲ್ಲ ಎಂಬ ಚಿಂತೆ ಆ ಕ್ಷಣಕ್ಕೆ ಅವಳ ತಲೆಯಿಂದ ಹಾರಿಹೋಯಿತು. ಹೊರಟ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋಗಬಾರದು ಎಂಬುದೊಂದೇ ಉಳಿಯಿತು. ಮಿಂಚುಳ್ಳಿಯ ಕೈಲಿ ಹೇಳಿಕಳಿಸಿದಳು: ಬಂದು ಉಡಿ ತುಂಬಿಸಿಕೊಂಡು ಹೋಗಬೇಕಂತೆ.

ವರದೆ ಥಟ್ಟನೆ ನಿಂತಳು. ಅವಳು ಬಂಡೆಯ ಸಂದಿನಲ್ಲಿ ಹುಟ್ಟಿದವಳು. ಅವಳನ್ನು ಇದುವರೆಗೆ ಯಾರೂ ಕರೆದಿರಲಿಲ್ಲ.

ಜೊತೆಗೆ ಬಂದಿದ್ದ ಗಾಳಿಮಾವ ಸಿಡುಕಿದ. ವರದೆಯನ್ನು ಅಕ್ಕನ ಬಳಿ ಮುಟ್ಟಿಸುವ ಜವಾಬ್ದಾರಿ ಅವನದು. "ಹೊತ್ತಾಯ್ತು ನಡಿಯೇ! ನಿಮ್ಮಕ್ಕ ಗಳಗನಾಥದಲ್ಲಿ ಕಾಯ್ತಾ ನಿಂತಿದ್ದಾಳೆ."

"ಉಡಿ ತುಂಬ್ತೀನಿ ಅಂದವರನ್ನು ಬೇಡ ಅನ್ನಬಾರದು ಮಾವ," ಎಂದಳು ವರದೆ. ನೆಟ್ಟಗಿನ ದಾರಿ ಬಿಟ್ಟು ದಿಬ್ಬದ ಕಡೆಗೆ ತಿರುಗಿದಳು. ದ್ಯಾವಮ್ಮ ಮಣ್ಣು ತೆಗೆಯುತ್ತಿದ್ದ ಕುಣಿಯ ಬದಿಗೆ ಬಂದು ನಿಂತಳು.

ದ್ಯಾವಮ್ಮ ನಲವತ್ತು ಮಡಕೆಗಳ ನಡುವೆ ತಡಕಾಡಿದಳು. ಅಕ್ಕಿ ಸಿಕ್ಕಿತು, ವೀಳ್ಯದೆಲೆ ಸಿಕ್ಕಿತು. ಉಡಿ ತುಂಬಿ, ಹಣೆಗೆ ಕುಂಕುಮ ಇಟ್ಟಳು. "ಸುಖವಾಗಿ ಹೋಗಿ ಬಾ ಮಗಳೇ," ಎಂದಳು.

ವರದೆ ಹೊರಟು ನಾಲ್ಕು ಮಾರು ಹೋಗಿರಲಿಲ್ಲ, ದ್ಯಾವಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ತೆಂಗಿನಕಾಯಿ! ವರದಾ! ಏ ವರದಾ, ನಿಲ್ಲೇ!"

ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಅವರು ತಿರುಗಿ ಬಂದು, ಕುಳಿತು, ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಕೆಲಸ ಕೆಡುತ್ತದೆ.

ನದಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲು ಬರುವುದಿಲ್ಲ. ವರದೆ ದಿಬ್ಬವನ್ನು ಬಳಸಿ ಆವಿಗೆಯ ಬದಿಗೆ ಬಂದು ಕುಳಿತಳು. ದ್ಯಾವಮ್ಮ ಕಾಯಿ ಕೊಟ್ಟಳು. ಒಳಗೆ ಹೋಗಿ ಚೊಂಬು ತಂದು, "ಕುಡಿ ಮಗಳೇ," ಎಂದು ಅವಳ ಬಾಯಿಗೆ ಹಿಡಿದಳು.

ಗಾಳಿಮಾವ ಬಿದ್ದು ಬಿದ್ದು ನಕ್ಕ. "ಎಲ್ಲಾದ್ರೂ ಉಂಟಾ? ನದಿಗೆ ನೀರು ಕುಡಿಸೋರನ್ನು ನಾನು ಕಂಡಿರಲಿಲ್ಲ!"

ವರದೆಯೂ ನಕ್ಕಳು. ಚೊಂಬು ಖಾಲಿ ಮಾಡಿ ಹೊರಟಳು. ಬೊಮ್ಮಣ್ಣ ಮಾತ್ರ ನಗಲಿಲ್ಲ, ಖಾಲಿ ಚೊಂಬನ್ನೇ ನೋಡುತ್ತಾ ನಿಂತ.

ಮತ್ತೆ ನಾಲ್ಕು ಮಾರು. ದ್ಯಾವಮ್ಮ ಒಂದು ಮಡಕೆಗೆ ಕೈ ಹಾಕಿದರೆ, ಕೈಗೆ ಹಸಿರು ಬಳೆ!

"ವರದಾ! ಬಳೆ ಮರೆತೆನಲ್ಲೇ!"

"ಈ ಹೆಂಗಸಿಗೆ ತಲೆ ಅನ್ನೋದು ಇದೆಯೋ ಇಲ್ವೋ?" ಗಾಳಿಮಾವ ಧೂಳೆಬ್ಬಿಸಿ ಕೂಗಾಡಿದ. ವರದೆ ಕೇಳಿಸಿಕೊಳ್ಳಲಿಲ್ಲ. ಮತ್ತೆ ದಿಬ್ಬವನ್ನು ಬಳಸಿ, ದನ ಕಟ್ಟುವ ಬದಿಗೆ ಬಂದು ಕುಳಿತಳು. ಬಳೆ ತೊಟ್ಟು ಕೈ ಆಡಿಸಿ ನೋಡಿಕೊಂಡಳು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

"ಈಗ ನೀರು ಕೊಡವ್ವ. ಕುಡಿದು ಹೊರಡ್ತೀನಿ."

ದ್ಯಾವಮ್ಮ ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು.

"ಎಲ್ಲಿಂದ ಕೊಡ್ತಾಳೆ?" ಎಂದ ಬೊಮ್ಮಣ್ಣ. "ಇಡೀ ಊರಲ್ಲಿ ಇದ್ದದ್ದೇ ಒಂದು ಚೊಂಬು. ಅದನ್ನು ನಿನಗೇ ಕುಡಿಸಿಬಿಟ್ಟಳು. ನಾಳೆ ನಾವೆಲ್ಲ ಈ ಊರು ಬಿಡ್ತೀವಿ ತಾಯಿ."

ವರದೆ ದ್ಯಾವಮ್ಮನ ಕಡೆಗೆ ತಿರುಗಿದಳು.

"ನಾನು ತುಂಬಿ ಹರಿಯೋಳು. ನನಗೆ ಯಾಕೆ ಕುಡಿಸಿದೆ ಅವ್ವ?"

"ಹಿಂದಿನಿಂದ ಕರೆದಿದ್ದೆನಲ್ಲ ಮಗಳೇ," ಎಂದಳು ದ್ಯಾವಮ್ಮ. "ನಿನ್ನ ಕೆಲಸ ಕೆಡಬಾರದು."

ವರದೆ ಕಣ್ಣು ತುಂಬಿಕೊಂಡಳು. ನದಿಯ ಕಣ್ಣು ತುಂಬಿದರೆ ಕೇಳಬೇಕೆ? ಮಣ್ಣಿನ ಕುಣಿ ತುಂಬಿತು, ಆವಿಗೆಯ ಬದಿಯ ತಗ್ಗು ತುಂಬಿತು, ದನ ಕಟ್ಟುವ ಬದಿಯ ಹಳ್ಳ ತುಂಬಿತು. ದನಗಳು ಹಗ್ಗ ಕಿತ್ತುಕೊಂಡು ನೀರಿಗೆ ಬಾಯಿ ಹಾಕಿದವು. ದ್ಯಾವಮ್ಮ ಅದೇ ನೀರನ್ನು ಚೊಂಬಿಗೆ ತುಂಬಿ ವರದೆಗೆ ಒಂದು ಗುಟುಕು ಕುಡಿಸಿದಳು.

"ನಾನು ಬಂದ ದಾರಿ ಅಳಿಸೋದಿಲ್ಲ," ಎಂದಳು ವರದೆ. "ಈ ಮೂರು ಬದಿಗೂ ಬಂದೇ ಮುಂದೆ ಹೋಗ್ತೀನಿ. ಗಂಟು ಬಿಚ್ಚಿ."

ಆಮೇಲೆ ಆದದ್ದೇನು ಗೊತ್ತೆ? ವರದೆ ಹೊರಟ ಮೇಲೆ ದ್ಯಾವಮ್ಮ ಕೊನೆಯ ಮಡಕೆಯನ್ನು ಬಗ್ಗಿಸಿದಳು. ಅದರಲ್ಲಿ ಬೆಲ್ಲದ ಅಚ್ಚು! ಉಡಿಗೆ ಬೆಲ್ಲ ಹಾಕುವುದೇ ಮರೆತಿತ್ತು.

ಬೊಮ್ಮಣ್ಣನ ಕಣ್ಣು ಅರಳಿತು. "ಕರೆಯಕ್ಕ, ಕರೆ! ಉಳಿದಿರೋದು ಒಂದೇ ಬದಿ. ಇನ್ನೊಂದು ಸಲ ತಿರುಗಿದರೆ ನಮ್ಮನ್ನು ಪೂರ್ತಿ ಸುತ್ತಿಕೊಂಡು ಇಲ್ಲೇ ನಿಂತುಬಿಡ್ತಾಳೆ. ಎಂದೆಂದಿಗೂ ನಮ್ಮವಳೇ!"

ದ್ಯಾವಮ್ಮ ಬಾಯಿ ತೆರೆದಳು. ವರದೆ ಆಚೆ ಮೆಲ್ಲಗೆ, ಬಹಳ ಮೆಲ್ಲಗೆ ಹೋಗುತ್ತಿದ್ದಳು. ಇನ್ನೊಮ್ಮೆ ಕರೆಯುತ್ತಾಳೇನೋ ಎಂದು ಕಿವಿ ಇತ್ತಲೇ ಇತ್ತು.

ಕರೆಯಬೇಕೆಂದು ದ್ಯಾವಮ್ಮನಿಗೆ ಎಷ್ಟು ಆಸೆಯಿತ್ತೆಂದರೆ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಯಾಕಕ್ಕ?"

ವರದೆ ತಿರುವಿನಾಚೆ ಮರೆಯಾದ ಮೇಲೆಯೇ ಅವಳು ಸೆರಗು ತೆಗೆದದ್ದು. "ಮುಂದೆಯೂ ಊರುಗಳಿವೆ ಬೊಮ್ಮಣ್ಣ. ಅಲ್ಲೂ ಹೊಂಡ ಬತ್ತಿರುತ್ತೆ. ಅಕ್ಕ ಬೇರೆ ಕಾಯ್ತಿದ್ದಾಳೆ."

ಬೆಲ್ಲವನ್ನು ಒಡೆದು ಐದು ಮನೆಗೂ ಹಂಚಿದಳು. ತನಗೆ ಇಟ್ಟುಕೊಳ್ಳುವುದನ್ನು, ಹೇಳಬೇಕೆ, ಮರೆತಳು.

ಐದು ಮನೆ ಐವತ್ತಾಯಿತು, ಐನೂರಾಯಿತು. ಕದಂಬ ರಾಜರು ಬಂದು ಅಲ್ಲಿ ರಾಜಧಾನಿ ಮಾಡಿಕೊಂಡರು, ಇಟ್ಟಿಗೆಯ ಕೋಟೆ ಎದ್ದಿತು. ಕಾಲ ಕಳೆದಂತೆ ರಾಜರು ಹೋದರು, ಕೋಟೆ ಕುಸಿದು ಮತ್ತೆ ದಿಬ್ಬವಾಯಿತು. ನೀರು ಮಾತ್ರ ಹೋಗಲಿಲ್ಲ, ಊರೂ ಹೋಗಲಿಲ್ಲ.

ನೀವು ಬನವಾಸಿಗೆ ಹೋದಾಗ ನೋಡಿ: ವರದೆ ಇವತ್ತಿಗೂ ಊರನ್ನು ಮೂರು ಬದಿಯಿಂದ ಬಳಸಿಕೊಂಡೇ ಹರಿಯುತ್ತಾಳೆ, ಮತ್ತು ಆ ಕೊನೆಯ ತಿರುವಿನಲ್ಲಿ ಅವಳ ನೀರು ಅಷ್ಟು ಮೆಲ್ಲಗೆ ಹೋಗುವುದು ಕಂಡರೆ, ಅವಳು ಇನ್ನೂ ಆ ಬೆಲ್ಲದ ಕರೆಗೆ ಕಾಯುತ್ತಿದ್ದಾಳೆ ಎಂದು ತಿಳಿಯಿರಿ.