ಹಿಂದಿನಿಂದ ಎತ್ತುವವನು

"ಬುದ್ಧಿ, ಬಾವಿಗೆ ಇಳಿದವನಿಗೆ ಮೇಲೆ ಹಗ್ಗ ಹಿಡಿದವನ ಮನಸ್ಸು ಗೊತ್ತಾಗೋದು ಹೇಗೆ?" ಎಂದು ಚಿಕ್ಕವೀರ ಗುರುಗಳನ್ನು ಕೇಳಿದ.

ಮರುದಿನ ಬೆಳಿಗ್ಗೆ ಮಠದ ಬಾವಿಯ ಹೂಳು ತೆಗೆಯುವುದಿತ್ತು. ಇಳಿಯಬೇಕಾದವನು ಚಿಕ್ಕವೀರ, ಹಗ್ಗ ಹಿಡಿಯುವವನು ಅವನ ಜೊತೆಯ ಶಿಷ್ಯ ಮರಿಬಸವ. ಮಠದ ಪಾಠಶಾಲೆಯ ಹೊಣೆ ಮರಿಬಸವನಿಗೆ ಸಿಗುತ್ತದೆಂದು ಎಲ್ಲರೂ ತಿಳಿದಿದ್ದರು. ಹೋದ ತಿಂಗಳು ಗುರುಗಳು ಅದನ್ನು ಚಿಕ್ಕವೀರನಿಗೆ ಕೊಟ್ಟಿದ್ದರು. ಅಂದಿನಿಂದ ಮರಿಬಸವ ಅವನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ಗುರುಗಳು ಹೇಳತೊಡಗಿದರು.

ರಗ್ಬಿ ಎಂಬ ಆಟವೊಂದಿದೆ. ಮಠದಲ್ಲಿ ಕೂತವರಿಗೆ ಅದು ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಇಲ್ಲಿಗೆ ಎಂಥೆಂಥವರೋ ಬಂದು ಕೂರುತ್ತಾರೆ, ಮನಸ್ಸಿನಲ್ಲಿದ್ದುದನ್ನು ಇಳಿಸಿ ಹೋಗುತ್ತಾರೆ. ಆ ಆಟದಲ್ಲಿ ಚೆಂಡು ಗೆರೆಯಾಚೆ ಹೋದರೆ ಎರಡೂ ತಂಡದವರು ಸಾಲಾಗಿ ನಿಲ್ಲುತ್ತಾರೆ. ಚೆಂಡನ್ನು ಸಾಲುಗಳ ನಡುವೆ ಎತ್ತರಕ್ಕೆ ಎಸೆಯುತ್ತಾರೆ. ಅದನ್ನು ಹಿಡಿಯಲು ಒಬ್ಬ ನೆಗೆಯುತ್ತಾನೆ. ಅವನ ತಂಡದವರೇ ಇಬ್ಬರು, ಮುಂದಿನಿಂದ ಒಬ್ಬ, ಹಿಂದಿನಿಂದ ಒಬ್ಬ, ಅವನ ತೊಡೆ ಹಿಡಿದು ತಲೆಯ ಮೇಲಕ್ಕೆ ಎತ್ತುತ್ತಾರೆ. ಮುಂದಿನವನ ಮುಖ ನೆಗೆದವನಿಗೆ ಕಾಣುತ್ತದೆ, ಹಿಂದಿನವನದು ಕಾಣುವುದಿಲ್ಲ.

ಹತ್ತೊಂಬತ್ತರ ಒಬ್ಬ ತರುಣ ಹೀಗೆ ನೆಗೆಯುವುದರಲ್ಲಿ ಗಟ್ಟಿಗ. ಅವನನ್ನು ದೇಶದ ತಂಡಕ್ಕೆ ಆರಿಸಿದರು. ದೇಶದ ಅಂಗಿ ಕೈಗೆ ಬಂದ ದಿನ ಅವನು ಅತ್ತುಬಿಟ್ಟ. ಅದನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವನ ಆಸೆ. ಆದರೆ ಆ ಜಾಗದಲ್ಲಿ ಎಂಟು ವರ್ಷ ಬೇರೊಬ್ಬ ಆಡಿದ್ದ, ಇವನು ಬಂದದ್ದರಿಂದ ಹೊರಬಿದ್ದಿದ್ದ. ಹಾಗೆ ಹೊರಬಿದ್ದವನ ಪ್ರಾಣಸ್ನೇಹಿತನೇ ಈಗ ತರುಣನನ್ನು ಹಿಂದಿನಿಂದ ಎತ್ತಬೇಕಾದ ಹಿರಿಯ ಆಟಗಾರ.

ಮೊದಲ ದಿನದ ಅಭ್ಯಾಸದಲ್ಲೇ ತರುಣ ಮೇಲಿನಿಂದ ಬಿದ್ದ. ಕಾಲು ಉಳುಕಿತು. ತಾನೇ ಅವಸರಪಟ್ಟು ನೆಗೆದೆನೋ, ಹಿಂದಿನ ಕೈ ಬೇಕೆಂದೇ ಸಡಿಲಿತೋ? ಉಳುಕು ನಾಲ್ಕು ದಿನಕ್ಕೆ ಹೋಯಿತು. ಅನುಮಾನ ಹೋಗಲಿಲ್ಲ. ತಾನು ಕೋಣೆಗೆ ಹೋದರೆ ಹಿರಿಯನ ಮಾತು ನಿಂತಂತೆ ಅನಿಸುತ್ತಿತ್ತು. ನಕ್ಕರೆ ಏಕೆ ನಕ್ಕ, ನಗದಿದ್ದರೆ ಏಕೆ ನಗಲಿಲ್ಲ. ಕೈಗೆ ಹಿಡಿತ ಸಿಗಲೆಂದು ನೆಗೆಯುವವನ ತೊಡೆಗೆ ಪಟ್ಟಿ ಸುತ್ತುವುದು ಎತ್ತುವವನ ಕೆಲಸ. ಹಿರಿಯ ಸುತ್ತಿಕೊಟ್ಟ ಪಟ್ಟಿಯನ್ನು ತರುಣ ಮರೆಗೆ ಹೋಗಿ ಬಿಚ್ಚಿ, ತಾನೇ ಮತ್ತೆ ಸುತ್ತಿಕೊಳ್ಳುತ್ತಿದ್ದ.

ಆಟದಲ್ಲಿ ಮೇಲೇರಿದಾಗಲೂ ಅಷ್ಟೇ. ಚೆಂಡು ಬರುವ ಹೊತ್ತಿಗೆ ಅವನ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಚೆಂಡು ಬೆರಳಿನಾಚೆ ಹಾದು ಎದುರಾಳಿಯ ಕೈ ಸೇರುತ್ತಿತ್ತು. ಒಂದೇ ವರ್ಷಕ್ಕೆ ಅವನನ್ನು ತಂಡದಿಂದ ಕೈಬಿಟ್ಟರು.

ಹೊರಡುವ ದಿನ ಅವನು ಹಿರಿಯನ ಎದುರು ನಿಂತ.

"ಅಣ್ಣ, ಈಗಲಾದ್ರೂ ನಿಜ ಹೇಳಿ. ನನ್ನ ಕಂಡ್ರೆ ನಿಮಗೆ ಆಗ್ತಿರ್ಲಿಲ್ಲ, ಅಲ್ವಾ?"

"ಆಗ್ತಿರ್ಲಿಲ್ಲ," ಎಂದ ಹಿರಿಯ. "ನಿನ್ನ ಮುಖ ನೋಡಿದ್ರೆ ಮೈಯೆಲ್ಲ ಉರೀತಿತ್ತು. ನಾನು ಕಟ್ಟಿದ ಪಟ್ಟಿ ನೀನು ಬಿಚ್ಚೋದನ್ನೂ ದಿನಾ ನೋಡ್ತಿದ್ದೆ. ಆದ್ರೆ ಹೇಳು, ಆಟದಲ್ಲಿ ಒಂದು ಸಲನಾದ್ರೂ ನಿನ್ನ ಕೈಬಿಟ್ನಾ?"

ತರುಣ ನೆನಪು ಮಾಡಿಕೊಂಡ. ಒಂದು ಸಲವೂ ಇಲ್ಲ. ಹಿರಿಯನಿಗೆ ತನ್ನನ್ನು ಕಂಡರೆ ಆಗದು ಎಂಬ ಅನುಮಾನ ಸುಳ್ಳಾಗಿರಲಿಲ್ಲ ಎಂಬುದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಸುಳ್ಳಾಗಿದ್ದರೆ ಕ್ಷಮೆ ಕೇಳಿ ಹಗುರಾಗಬಹುದಿತ್ತು.

ನಾಲ್ಕು ವರ್ಷ ಕಳೆಯಿತು. ತರುಣನ ಮೈ ತುಂಬಿತು, ತೋಳು ಗಟ್ಟಿಯಾಯಿತು. ಹಿರಿಯ ಆಟ ಬಿಟ್ಟಾಗ ಇವನನ್ನು ಮತ್ತೆ ದೇಶದ ತಂಡಕ್ಕೆ ಕರೆದರು. ಆದರೆ ಈ ಸಲ ನೆಗೆಯುವುದಕ್ಕಲ್ಲ, ಹಿಂದಿನಿಂದ ಎತ್ತುವುದಕ್ಕೆ. ನೆಗೆಯುವ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ. ತನ್ನದಾಗಬೇಕಿದ್ದ ಜಾಗ ಅದು. ಅವನನ್ನು ಕಂಡು ಇವನಿಗೆ ಹೊಟ್ಟೆ ಉರಿಯಿತು. ಆದರೂ ಬಗ್ಗಿ ಅವನ ತೊಡೆಗೆ ಪಟ್ಟಿ ಸುತ್ತಿದ. ಸ್ವಲ್ಪ ಹೊತ್ತಿಗೆ ನೋಡಿದರೆ, ಹೊಸಬ ಗೋಡೆಯ ಮರೆಯಲ್ಲಿ ಆ ಪಟ್ಟಿಯನ್ನು ಬಿಚ್ಚುತ್ತಿದ್ದ.

ಆಟ ಶುರುವಾಯಿತು. ಇವನು ಎತ್ತಿದ. ಮೇಲೇರಿದ ಹೊಸಬ ಚೆಂಡು ಬರುವ ಹೊತ್ತಿಗೆ ಕತ್ತು ತಿರುಗಿಸಿ ಇವನನ್ನೇ ನೋಡಿದ. ಬಿಟ್ಟುಬಿಟ್ಟರೆ, ಎಂದು ಇವನ ಮನಸ್ಸಿಗೆ ಬಂದದ್ದು ನಿಜ. ಕೈ ಬಿಡಲಿಲ್ಲ. ಚೆಂಡು ಮಾತ್ರ ಎದುರಾಳಿಯ ಪಾಲಾಯಿತು. ಕೆಳಗಿಳಿದ ಹೊಸಬನಿಗೆ, ನನ್ನನ್ನು ನಂಬು ಎಂದು ಹೇಳಲು ಇವನು ಬಾಯಿ ತೆರೆದ. ಅದೇ ಮಾತು ಹಿರಿಯ ಹೇಳಿದ್ದರೆ ತಾನು ನಂಬುತ್ತಿದ್ದೆನೇ ಎಂದು ಯೋಚಿಸಿ ಸುಮ್ಮನಾದ. ಮುಂದಿನ ಸಲವೂ ಹೊಸಬ ತಿರುಗಿ ನೋಡಿದ. ಇವನು ಮುಂದಿನ ಸಲವೂ ಗಟ್ಟಿಯಾಗಿ ಹಿಡಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚಿಕ್ಕವೀರ ಕಾದ.

"ಹಾಗಾದ್ರೆ ನಾನು ಮರಿಬಸವನ್ನ ನಂಬಿ ಇಳೀಲಾ ಬುದ್ಧಿ?" ಎಂದ.

"ನಾಳೆ ಬಾವಿಗೆ ಮರಿಬಸವ ಇಳಿಯಲಿ, ಹಗ್ಗ ನೀನು ಹಿಡಿ," ಎಂದರು ಗುರುಗಳು.

ಚಿಕ್ಕವೀರ ಎದ್ದು ಹೋಗಿ ಬಾವಿಯ ಹಗ್ಗದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದ.